ಪಾಲಿಗೆ ಬಂದ ವಚನ

"ಶಾಂತಪ್ಪನವರೇ, ನೀವು ಇಲ್ಲಿ ಬರ್ರಿ, ಫ್ಯಾನಿನ ಕೆಳಗ," ಎಂದು ಸ್ನೇಹಲತಾ ಟೀಚರ್ ಮೂರನೆಯ ಕುರ್ಚಿಯ ಬೆನ್ನು ತಟ್ಟಿದರು.

"ನನಗೇನು ಸೆಕಿ ಆಗಾಂಗಿಲ್ಲ ಬಿಡ್ರಿ. ಇಲ್ಲೇ ಬಾಗಲ ಹತ್ರ ಛಲೋ ಐತಿ."

"ಸೆಕಿ ಅಲ್ರಿ, ಬೆಳಕು. ನಿಮ್ಮ ಚಷ್ಮಾಕ್ಕ ಇಲ್ಲಿ ಬೆಳಕು ಭಾಳ ಛಲೋ ಬೀಳ್ತೈತಿ."

ಶಾಂತಪ್ಪ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕಾರಣ ಕೇಳದೆ ಕೂತಲ್ಲಿಂದ ಏಳುವ ಆಸಾಮಿಯಲ್ಲ. ಬೆಳಕಿನ ಮಾತನ್ನು ನಂಬಿ, ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಎದ್ದು ಬಂದರು. ಟೀಚರಿಗೆ ಒಳಗೊಳಗೇ ನಾಚಿಕೆಯಾಯಿತು. ಆ ಪುಟ್ಟ ಪಡಸಾಲೆಯಲ್ಲಿ ಬೆಳಕು ಎಲ್ಲ ಕಡೆಯೂ ಒಂದೇ ಇತ್ತು.

ಮಲ್ಕಾಜ್‌ಗಿರಿಯ ಈ ಮನೆಯಲ್ಲಿ ಪ್ರತಿ ಶನಿವಾರ ಬೈಬಲ್ ಓದುವ ವೇದಪಾಠಕ್ಕೆ ಎರಡು ನೇಮಗಳಿದ್ದವು. ಓದಲು ಎಷ್ಟೇ ಕಷ್ಟವಾದರೂ ಯಾವ ಅಧ್ಯಾಯವನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಎರಡನೆಯದು, ದುಂಡಗೆ ಕೂತು ಮನೆಯ ಯಜಮಾನತಿಯಿಂದ ಶುರುಮಾಡಿ ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಯಾರ ಪಾಲಿಗೆ ಯಾವುದು ಬಂತೋ ಅದರ ಮೇಲೆ ಅವರೇ ಒಂದು ಮಾತು ಹೇಳಬೇಕು. ಅದಲುಬದಲು ಇಲ್ಲ. ಬೀದರದ ಕಡೆಯಿಂದ ಬಂದಿದ್ದ ಹಳೆಯ ಪಾದ್ರಿಯೊಬ್ಬರು ಹಾಕಿಕೊಟ್ಟ ಪದ್ಧತಿ ಅದು. ಅವರು ತೀರಿಕೊಂಡು ಹದಿನೈದು ವರ್ಷವಾದರೂ, ಬಂದ ಪಾದ್ರಿಗಳೆಲ್ಲ ವರ್ಗವಾಗಿ ಹೋದರೂ, ಪದ್ಧತಿ ಮಾತ್ರ ಉಳಿದಿತ್ತು. ಈಗಿನ ಪಾದ್ರಿಗೂ ವರ್ಗವಾಗಿತ್ತು. ಹೊಸಬರು ಬರುವ ತನಕ ನೀವೇ ನಡೆಸಿರಿ ಎಂದು ಸಭೆಯವರು ಕೇಳಿಕೊಂಡಿದ್ದರಿಂದ, ನಾಲ್ಕು ತಿಂಗಳಿಂದ ಟೀಚರು ಲಿಂಗಂಪಲ್ಲಿಯಿಂದ ಲೋಕಲ್ ರೈಲು ಹಿಡಿದು, ಸಿಕಂದರಾಬಾದಿನಲ್ಲಿ ಬದಲಿಸಿ ಇಲ್ಲಿಗೆ ಬರುತ್ತಿದ್ದರು.

ಈ ವಾರದ ಅಧ್ಯಾಯ ಕೆಟ್ಟದಾಗಿತ್ತು. ಒಂದು ಜನಾಂಗವನ್ನು ಬೇರು ಸಮೇತ ಅಳಿಸಿಹಾಕು ಎಂದು ದೇವರು ಒಬ್ಬ ಅರಸನಿಗೆ ಹೇಳುತ್ತಾನೆ. ಗಂಡಸರು, ಹೆಂಗಸರು, ಮಕ್ಕಳು, ಮೊಲೆ ಕುಡಿಯುವ ಕೂಸುಗಳು, ದನ, ಕುರಿ, ಯಾವುದನ್ನೂ ಉಳಿಸಬೇಡ. ಅದು ಮೂರನೆಯ ವಚನ. ಅದು ಸಪ್ನಾಳ ಬಾಯಿಗೆ ಬರಬಾರದೆಂದು ಟೀಚರು ರೈಲಿನಲ್ಲಿಯೇ ಪೆನ್ಸಿಲ್ ಹಿಡಿದು ಎಣಿಸಿಕೊಂಡಿದ್ದರು. ಸಪ್ನಾ ಈ ಮನೆಯ ಮೊಮ್ಮಗಳು. ನರ್ಸಿಂಗ್ ಕಲಿಯುತ್ತಿದ್ದಳು, ಈ ತಿಂಗಳು ಆಸ್ಪತ್ರೆಯಲ್ಲಿ ಅವಳನ್ನು ಎಳೆಗೂಸುಗಳ ವಾರ್ಡಿಗೆ ಹಾಕಿದ್ದರು. ಹೋದ ವಾರ ಪ್ರಾರ್ಥನೆಯಲ್ಲಿ ಒಂದು ಕೂಸಿನ ಹೆಸರು ಹೇಳಲು ಹೋಗಿ, ಅದಕ್ಕಿನ್ನೂ ಹೆಸರೇ ಇಟ್ಟಿಲ್ಲವೆಂದು ನೆನಪಾಗಿ ಅತ್ತಿದ್ದಳು. ಮೂರನೆಯ ಕುರ್ಚಿಯಲ್ಲಿ ಶಾಂತಪ್ಪ ಕೂತರೆ ತೊಂದರೆಯಿಲ್ಲ. ಅವರ ದನಿ ಯಾವ ವಚನಕ್ಕೂ ನಡುಗುತ್ತಿರಲಿಲ್ಲ.

ಎಣಿಸುತ್ತ ಹೋದಾಗ ಟೀಚರ ಪೆನ್ಸಿಲ್ ಹನ್ನೊಂದನೆಯ ವಚನದ ಹತ್ತಿರ ನಿಂತಿತ್ತು. ಆ ಮನುಷ್ಯನನ್ನು ಅರಸನನ್ನಾಗಿ ಮಾಡಿದ್ದಕ್ಕೆ ದೇವರೇ ಪಶ್ಚಾತ್ತಾಪಪಟ್ಟ ಎಂದು ಹೇಳುವ ವಚನ. ಐದು ಜನರ ಸುತ್ತಿನಲ್ಲಿ ಅದು ಮನೆಯ ಯಜಮಾನತಿ ಗುರುಬಾಯಿಯವರಿಗೆ ಹೋಗುತ್ತಿತ್ತು. ಗುರುಬಾಯಿ ಏನೇ ಬಂದರೂ "ದೇವರ ಚಿತ್ತ" ಎಂದು ಮುಂದಕ್ಕೆ ದಾಟಿಸುವವರು. ಸದ್ಯ, ತನಗೆ ಬರಲಿಲ್ಲವಲ್ಲ ಎನ್ನಿಸಿತು. ಯಾಕೆ ಹಾಗೆನ್ನಿಸಿತೆಂದೂ ಟೀಚರಿಗೆ ಗೊತ್ತಿತ್ತು.

ಮೂವತ್ತಾರು ವರ್ಷದ ಹಿಂದೆ ಅವರು ನಾಂಪಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ಒಂದು ದಿನ ನಾಲ್ಕನೆಯ ತರಗತಿಯ ಟೀಚರು ರಜೆ ಹಾಕಿದ್ದರಿಂದ ಆ ಮಕ್ಕಳನ್ನೂ ಇವರ ವರ್ಗದಲ್ಲಿ ತಂದು ತುಂಬಿದರು. ಸುಮಾರು ತೊಂಬತ್ತು ಮಕ್ಕಳು. ಹೆಸರು ಗೊತ್ತಿಲ್ಲದ ಒಬ್ಬ ಹುಡುಗನಿಗೆ ಅವರು ಒಂದೇ ಒಂದು ಏಟು ಕೊಟ್ಟರು. ಅವನೇನು ಮಾಡಿದ್ದನೆಂಬುದು ಮರೆತುಹೋಗಿತ್ತು; ತನಗೇಕೆ ಅಷ್ಟು ಸಿಟ್ಟು ಬಂದಿತ್ತೆಂಬುದೂ. ಮರೆಯದೇ ಉಳಿದದ್ದು ತನ್ನ ಅಂಗೈಯ ಉರಿ. ಮತ್ತು ಆ ಹುಡುಗ ಅಳದೆ, ಎಡಗಿವಿಯ ಮೇಲೆ ಕೈ ಮುಚ್ಚಿಕೊಂಡು, ಬೇರೆಲ್ಲಿಂದಲೋ ಏನೋ ಕೇಳಿಬರುತ್ತಿದೆ ಎನ್ನುವಂತೆ ತಲೆ ಓರೆ ಮಾಡಿ ನಿಂತದ್ದು. ಮರುದಿನ ನಾಲ್ಕನೆಯ ತರಗತಿಯ ಟೀಚರು ಕೆಲಸಕ್ಕೆ ಬಂದರು, ಮಕ್ಕಳು ತಮ್ಮ ಕೋಣೆಗೆ ಹೋದರು. ನಡುವೆ ಒಂದು ಗೋಡೆ ಮಾತ್ರ. ಸ್ನೇಹಲತಾ ಆ ಗೋಡೆ ದಾಟಿ ಹೋಗಿ, ಆ ಹುಡುಗ ಯಾರು, ಹೇಗಿದ್ದಾನೆ ಎಂದು ಕೇಳಲಿಲ್ಲ. ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುತ್ತಲೇ ವರ್ಷ ಮುಗಿಯಿತು. ಆ ಏಟಿನ ನಂತರ ಅವರು ಯಾವ ಮಗುವಿನ ಮೇಲೂ ಕೈ ಎತ್ತಲಿಲ್ಲ. ಹೊಡೆಯದ ಟೀಚರು ಎಂದು ಹೆಸರಾಯಿತು. ನಿವೃತ್ತಿಯ ದಿನ ಮೂರು ಜನ ಅದನ್ನೇ ಹೊಗಳಿ ಭಾಷಣ ಮಾಡಿದರು. ಸನ್ಮಾನದ ಶಾಲು ಹೊದ್ದು ಕೂತವರಿಗೆ, ಆ ಹುಡುಗ ಯಾರೆಂದು ತಿಳಿಯದೆ ಸಾಯುವುದು ಒಳ್ಳೆಯದೋ, ತಿಳಿದು ಸಾಯುವುದೋ ಎಂಬುದು ಬಗೆಹರಿದಿರಲಿಲ್ಲ. ಈಗಲೂ ಬಗೆಹರಿದಿರಲಿಲ್ಲ.

"ಶುರು ಮಾಡೋಣೇನ್ರಿ?" ಎಂದರು ಗುರುಬಾಯಿ. ಮೊದಲ ಕುರ್ಚಿ ಅವರದು. ಅವರ ಮಗ, ಸಪ್ನಾಳ ತಂದೆ ಕಲ್ಲೇಶ ತಾಯಿಯ ಸೊಂಟದ ಹಿಂದೆ ಒಂದು ಟವೆಲ್ಲನ್ನು ಮಡಿಚಿ ಇಟ್ಟು, ತಾನು ಎರಡನೆಯ ಕುರ್ಚಿಯಲ್ಲಿ ಕೂತ. ನಲವತ್ತೈದರ ಮಿತಭಾಷಿ. ಸ್ಟೇಷನ್ ರಸ್ತೆಯಲ್ಲಿ ಫ್ಯಾನು, ಮಿಕ್ಸಿ, ಕೂಲರುಗಳ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ. ಕಿವಿಯ ಮೇಲೆ ಸಿಕ್ಕಿಸಿಕೊಂಡ ಪೆನ್ಸಿಲ್ಲನ್ನು ವೇದಪಾಠಕ್ಕೂ ತೆಗೆಯುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಅಂಬುಬಾಯಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ರಾಯಚೂರಿನ ಕಡೆಯ ಬ್ರಾಹ್ಮಣರು. ಯಜಮಾನರು ಸರಕಾರಿ ಲೆಕ್ಕಪತ್ರದ ಕಚೇರಿಯಲ್ಲಿದ್ದು ನಿವೃತ್ತರಾಗಿದ್ದರು. ಬೀದಿಯಲ್ಲಿ ಇಡೀ ದಿನ ತೆಲುಗು ಮಾತಾಡಿ ನಾಲಿಗೆ ಸವೆದಾಗ ಕನ್ನಡಕ್ಕಾಗಿ ಗುರುಬಾಯಿಯವರ ಮನೆಗೆ ಬರುತ್ತಿದ್ದರು.

"ಡಬ್ಬಿ ಕೊಡಲಿಕ್ಕೆ ಬಂದಿದ್ದೆ. ನೀವು ಓದಲಿಕ್ಕತ್ತೀರೇನು? ನಾ ಆಮ್ಯಾಲೆ ಬರ್ತೀನಿ ತಗೋರಿ."

"ಎಲ್ಲಿಗೆ ಹೋಗ್ತೀರಿ? ಬರ್ರಿ, ಕುಂದರ್ರಿ," ಎಂದರು ಗುರುಬಾಯಿ. "ಕನ್ನಡ ಓದೋದು, ಮತ್ತೇನಿಲ್ಲ. ನಿಮ್ಮನ್ನೇನು ನೀರಾಗ ಮುಳಗಸಾಂಗಿಲ್ಲ."

"ಮುಳಗಸಿದ್ರೂ ಈ ಸೆಕಿಗೆ ಛಲೋನೇ ಆತು," ಎನ್ನುತ್ತ ಅಂಬುಬಾಯಿ ಒಳಗೆ ಬಂದರು. ಸಪ್ನಾ ಒಳಗಿನಿಂದ ಇನ್ನೊಂದು ಕುರ್ಚಿ ತಂದು ಶಾಂತಪ್ಪನವರ ಮತ್ತು ಟೀಚರ ನಡುವೆ ಹಾಕಿದಳು. ತನ್ನ ಪುಸ್ತಕವನ್ನೇ ಅಂಬುಬಾಯಿಯವರ ಕೈಗೆ ಕೊಟ್ಟು, ತಾನು ಮೊಬೈಲಿನಲ್ಲಿ ತೆರೆದುಕೊಂಡಳು.

ಟೀಚರು ಮನಸ್ಸಿನಲ್ಲಿ ಮತ್ತೆ ಎಣಿಸಿದರು. ಐದು ಹೋಗಿ ಆರಾಗಿತ್ತು. ಮೂರನೆಯದು ಶಾಂತಪ್ಪನವರಿಗೇ ಉಳಿಯಿತು; ಸಪ್ನಾ ಪಾರಾದಳು. ಹನ್ನೊಂದನೆಯದು ಮಾತ್ರ ಜಾರಿ ಬಂದು ಅವರ ಮಡಿಲಲ್ಲೇ ಬಿದ್ದಿತ್ತು. ಅಲ್ಲಿಂದ ಮುಂದೆ ಎಣಿಸುವ ಮೊದಲೇ ಗುರುಬಾಯಿ ಓದಲು ಶುರುಮಾಡಿಬಿಟ್ಟರು.

ಶಾಂತಪ್ಪ ಮೂರನೆಯ ವಚನವನ್ನು ಪ್ಲಾಟ್‌ಫಾರ್ಮಿನ ಅನೌನ್ಸ್‌ಮೆಂಟಿನಂತೆ ಓದಿ ಮುಗಿಸಿದರು. ಕನ್ನಡಕ ತೆಗೆದು, "ಇದು ಭಾಳ ಮಂದಿಗೆ ತಿಳ್ಯಾಂಗಿಲ್ಲ. ಆಗಿನ ಕಾಲ ಬ್ಯಾರೆ. ಆ ಮಂದಿ ಹಿಂದಕ ದೇವರ ಜನಾನ ದಾರ್‍ಯಾಗ ಅಡ್ಡಗಟ್ಟಿ ಬಡದಿದ್ರು. ಅದಕ್ಕ ಈ ಶಿಕ್ಷಾ. ಬಸ್," ಎಂದರು.

"ಹಿಂದಕ ಅಂದ್ರ ಯಾವಾಗ, ಅಜ್ಜಾರ?" ಎಂದಳು ಸಪ್ನಾ.

"ಇರಬೇಕು, ಒಂದು ನಾನೂರು ವರ್ಷ."

"ನಾನೂರು ವರ್ಷ ಸಿಟ್ಟು ಇಟ್ಕೊಂಡಿದ್ನಾ ದೇವರು? ನಾನು ನಮ್ಮ ಪಪ್ಪಾನ ಜೊಡಿ ನಾಕು ದಿನ ಮಾತು ಬಿಟ್ಟಾಗ, ಸಿಟ್ಟು ಇಟ್ಕೋಬಾರದವ್ವಾ ಅಂತ ಒಂದು ತಾಸು ಬುದ್ಧಿ ಹೇಳಿದ್ರಲ್ಲ ನೀವು!"

ಕಲ್ಲೇಶ ತುಟಿಯ ಮೂಲೆಯಲ್ಲಿ ನಕ್ಕ. ಶಾಂತಪ್ಪ, "ನೀನೂ ದೇವರೂ ಒಂದೇ ಏನು?" ಎಂದರು.

"ಅಲ್ರಿ. ಆದ್ರ ಆ ಕೂಸುಗಳು ಏನು ಮಾಡಿದ್ವು? ನನ್ನ ವಾರ್ಡಿನಾಗ ಹನ್ನೊಂದು ಅದಾವ. ಅವಕ್ಕ ತಮ್ಮ ಕೈ ತಮ್ಮದು ಅಂತಾನೂ ಗೊತ್ತಿಲ್ಲ."

ಈ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಇಷ್ಟು ಸಲೀಸಾಗಿ ಕೇಳಿರಲಿಲ್ಲ. ಟೀಚರಿಗೆ ಆಶ್ಚರ್ಯವಾಯಿತು: ಪ್ರಶ್ನೆ ಕೇಳಿದ ಮೇಲೆ ಕೋಣೆ ಕತ್ತಲಾಗುತ್ತದೆ ಎಂದುಕೊಂಡಿದ್ದರು, ಹಾಗಾಗದೆ ಎಲ್ಲರೂ ಕುರ್ಚಿಯನ್ನು ಇಷ್ಟಿಷ್ಟು ಮುಂದಕ್ಕೆ ಎಳೆದುಕೊಂಡರು.

"ನಾ ಒಂದು ಮಾತು ಹೇಳಲೇನು?" ಎಂದರು ಅಂಬುಬಾಯಿ. "ನಮ್ಮ ಮನಿದೇವರು ನರಸಿಂಹ. ಹೊಟ್ಟಿ ಬಗದು ಕರುಳು ಹಾರಾ ಹಾಕ್ಕೊಂಡವ. ಸಣ್ಣಾಕಿ ಇದ್ದಾಗ ಆ ಪಟದ ಮುಂದ ಊಟಕ್ಕ ಕುಂದರಲಿಕ್ಕೆ ಅಂಜತಿದ್ದೆ. ಪ್ರತಿ ವರ್ಷಾ ಅವನ ಜಯಂತಿಗೆ ಪಾನಕ ಮಾಡ್ತೀವಿ. ಯಾಕಂತೀರಿ? ಅವನ ಉರಿ ತಣ್ಣಗಾಗಲಿ ಅಂತ. ದೇವರ ಸಿಟ್ಟು ಇಳಸೋದು ಹೆಣ್ಣುಮಕ್ಕಳ ಕೆಲಸ ನೋಡವಾ, ಬೆಲ್ಲಾ ಕಡಿಮಿ ಹಾಕಬ್ಯಾಡ ಅಂತಿದ್ರು ನಮ್ಮತ್ತಿ."

"ಇಳೀತೇನ್ರಿ?" ಎಂದರು ಗುರುಬಾಯಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು.

"ಅವಂದು ಗೊತ್ತಿಲ್ಲವಾ. ಮಾಡಿ ಕುಡಿಯೋರದು ಇಳೀತದ."

ಎಲ್ಲರೂ ನಕ್ಕರು. ಶಾಂತಪ್ಪನವರೂ ನಕ್ಕು, ನಕ್ಕದ್ದು ಸರಿಯೋ ತಪ್ಪೋ ಎಂದು ಟೀಚರ ಮುಖ ನೋಡಿದರು. "ಮುಂದ ಓದ್ರಿ," ಎಂದರು ಟೀಚರು. ಅಂಬುಬಾಯಿ ಅಕ್ಷರದ ಮೇಲೆ ಬೆರಳಿಟ್ಟು, ಅರಸ ತನ್ನ ದಂಡನ್ನು ಎಣಿಸಿದ ಸಂಗತಿಯನ್ನು ಪುರಾಣ ಓದುವ ರಾಗದಲ್ಲಿ ಓದಿದರು.

ಸುತ್ತು ಮುಂದುವರಿಯಿತು. ಅರಸ ಎಲ್ಲರನ್ನೂ ಕೊಂದ. ಆದರೆ ಶತ್ರುವಿನ ರಾಜನನ್ನೂ, ಕೊಬ್ಬಿದ ಕುರಿಗಳನ್ನೂ ಉಳಿಸಿಕೊಂಡ. ದೇವರಿಗೆ ಸಿಟ್ಟು ಬಂದದ್ದು ಕೊಂದದ್ದಕ್ಕಲ್ಲ, ಉಳಿಸಿದ್ದಕ್ಕೆ. ಹನ್ನೊಂದನೆಯದು ಟೀಚರ ಪಾಲಿಗೆ ಬಂತು. ದನಿ ಏರಿಳಿಸದೆ ಓದಿದರು. ಬರಬಾರದೆಂದು ಬಯಸಿದ್ದರೂ ಅವರು ಉತ್ತರವಿಲ್ಲದೆ ಬಂದಿರಲಿಲ್ಲ.

"ದೇವರ ಪಶ್ಚಾತ್ತಾಪ ಅಂದ್ರ ನಮ್ಮದರ ಹಂಗಲ್ಲ," ಎಂದರು. "ನಾವು ತಪ್ಪು ಮಾಡಿ ಪಡ್ತೀವಿ. ದೇವರು ಪಡೋದು ದುಃಖ. ನಮಗ ತಿಳೀಲಿ ಅಂತ ಬರದವರು ನಮ್ಮ ಮಾತಿನಾಗ ಹೇಳ್ಯಾರ." ಹೇಳಿದ್ದು ಅವರ ಕಿವಿಗೇ ಪಾಠಪುಸ್ತಕದ ಉತ್ತರದಂತೆ ಕೇಳಿಸಿತು. ಶಾಂತಪ್ಪ ತಲೆದೂಗಿದರು. ಸಪ್ನಾ ತಲೆದೂಗಲಿಲ್ಲ.

ಹದಿನಾಲ್ಕನೆಯದು ಕಲ್ಲೇಶನಿಗೆ ಬಂತು. ಆರು ಕುರ್ಚಿಗಳ ಸುತ್ತಿನಲ್ಲಿ ಅವನು ಟೀಚರಿಗೆ ನೇರ ಎದುರು. ಯಾರೇ ಓದಲಿ, ಅವನು ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದ. ಎಷ್ಟು ಭಕ್ತಿಯಿಂದ ಕೇಳುತ್ತಾನೆ ಎಂದು ಟೀಚರು ನಾಲ್ಕು ತಿಂಗಳಿಂದ ಮೆಚ್ಚಿಕೊಂಡಿದ್ದರು. ಹೇಳಿದ್ದನ್ನೆಲ್ಲ ಮಾಡಿ ಮುಗಿಸಿದೆ ಎಂದು ಅರಸ ಪ್ರವಾದಿಯ ಮುಂದೆ ನಿಲ್ಲುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುವ ಈ ಕುರಿಗಳ ಸದ್ದು ಯಾವುದು ಎಂದು ಪ್ರವಾದಿ ಕೇಳುತ್ತಾನೆ. ಕಲ್ಲೇಶ ನಿಧಾನವಾಗಿ ಓದಿ ಪಕ್ಕದ ಕುರ್ಚಿಯ ಕಡೆ ನೋಡಿದ.

"ಒಂದು ಮಾತು ಹೇಳಬೇಕಪಾ," ಎಂದರು ಶಾಂತಪ್ಪ. "ಪದ್ಧತಿ."

"ಏನ್ ಹೇಳ್ಲಿ ಕಾಕಾ..." ಅವನು ಪುಸ್ತಕ ಮಡಿಚಿ ತೊಡೆಯ ಮೇಲಿಟ್ಟುಕೊಂಡ. "ಅಂಗಡಿಗೆ ಮೋಟರ್ ತರ್ತಾರ. ಮೊನ್ನೇ ರಿಪೇರಿ ಮಾಡ್ಸೀವಿ, ಎಲ್ಲಾ ಛಲೋ ಐತಿ, ಸುಮ್ನ ನೋಡ್ರಿ ಅಂತಾರ. ನಾನು ಸ್ಕ್ರೂಡ್ರೈವರಿನ ತುದಿ ಮೋಟರಿಗೆ ಹಚ್ಚಿ ಹಿಡಿಕಿ ಕಿವಿಗೆ ಇಟ್ಕೋತೀನಿ. ಒಳಗ ಬೇರಿಂಗ್ ಸವದಿದ್ರ ಹೇಳಿಬಿಡ್ತೈತಿ. ಮುಚ್ಚಿಡಾಕ ಬರಾಂಗಿಲ್ಲ ಅದಕ್ಕ. ಅದನ್ನ ಕೇಳಾಕೇನು ಎರಡು ಕಿವಿ ಬೇಕಾಗಿಲ್ರಿ. ಒಂದು ಸಾಕು," ಎಂದ.

"ಒಂದು ಯಾಕ?" ಎಂದರು ಅಂಬುಬಾಯಿ.

"ಪಪ್ಪಾಗ ಒಂದೇ ಕಿವಿ ಕೇಳೋದು, ಅಜ್ಜಿ," ಎಂದಳು ಸಪ್ನಾ. "ಎಡಗಡಿದು ಪೆನ್ಸಿಲ್ ಇಡಾಕ ಅಷ್ಟೇ ಐತಿ. ನಮ್ಮ ವಾರ್ಡಿನಾಗ ಎರಡು ದಿನದ ಕೂಸಿಗೂ ಕಿವಿ ಟೆಸ್ಟ್ ಮಾಡ್ತೀವಿ. ಪಪ್ಪಾಗ ಬಾ ಅಂದ್ರ ಬರಾಂಗಿಲ್ಲ."

"ಅಯ್ಯ! ಹುಟ್ಟಿದಾಗಿಂದಾನೇ?"

"ಇಲ್ರೀ," ಎಂದರು ಗುರುಬಾಯಿ. "ನಾಲ್ಕನೇ ಇಯತ್ತೆದಾಗ ಇದ್ದ. ಶಾಲಿ ಅಂಗಳದಾಗ ಆಡೂ ಮುಂದ ಚೆಂಡು ಬಡೀತು. ಎರಡು ವರ್ಷ ಸೋರ್ತು ಕಿವಿ. ಇವರಪ್ಪ ರೈಲ್ವೆ ಗಾರ್ಡ್. ಮಗಾನೂ ಹಸರು ಬಾವುಟಾ ಹಿಡೀಲಿ ಅಂತ ಭಾಳ ಆಸೆ ಇತ್ತು ಅವರಿಗೆ. ಪರೀಕ್ಷಾ ಪಾಸಾದ, ಮೆಡಿಕಲ್‌ದಾಗ ಖಲಾಸ್. ಒಂದು ಚೆಂಡು ನೋಡ್ರಿ! ಟೀಚರ್, ನೀವು ಇದ್ದ ಶಾಲ್ಯಾಗೇ. ನಾಂಪಲ್ಲ್ಯಾಗ."

ಟೀಚರ ಕೈಯಲ್ಲಿದ್ದ ಪುಟ ಫ್ಯಾನಿನ ಗಾಳಿಗೆ ತಾನೇ ತಿರುಗಿತು. ಆ ಶಾಲೆ ಕಬ್ಬಿಣದ ಟ್ರಂಕು ಮಾರುವ ಅಂಗಡಿಗಳ ಮೇಲೆ, ಮೂರನೆಯ ಮಹಡಿಯಲ್ಲಿ ಇತ್ತು. ಐದು ಕೋಣೆ, ಒಂದು ಕಿರಿದಾದ ಮೆಟ್ಟಿಲು. ಅಂಗಳವಿಲ್ಲವೆಂದು ಮಕ್ಕಳಿಗೆ ಆಟದ ತಾಸನ್ನೇ ಕೊಡುತ್ತಿರಲಿಲ್ಲ. ಹನ್ನೆರಡು ವರ್ಷ ಅವರು ಅಲ್ಲಿ ಚೆಂಡನ್ನು ಕಂಡಿರಲಿಲ್ಲ. ನಾಲ್ಕನೆಯ ತರಗತಿ. ಎಡಗಿವಿ. ಓರೆಯಾಗಿ ತಿರುಗಿದ ತಲೆ.

"ಅಲ್ಲಿ ಅಂಗಳ ಎಲ್ಲಿತ್ತು?" ಎಂದುಬಿಟ್ಟರು.

"ಏನಂದ್ರಿ?" ಎಂದರು ಗುರುಬಾಯಿ.

"ಮೆಟ್ಟಿಲ ಮ್ಯಾಲ, ಟೀಚರ್," ಎಂದ ಕಲ್ಲೇಶ ತಕ್ಷಣ. ಅಷ್ಟು ಬೇಗ ಅವನು ಯಾರಿಗೂ ಉತ್ತರ ಕೊಟ್ಟದ್ದು ಅವರು ನೋಡಿರಲಿಲ್ಲ. "ಅಂಗಳ ಅಲ್ಲ, ಅವ್ವಗ ಗೊತ್ತಿಲ್ಲ. ಮೆಟ್ಟಿಲ ಮ್ಯಾಲ ಆಡ್ತಿದ್ವಿ. ನೀವು ಮರತೀರಿ."

ಅವನು ಅವರನ್ನು ನೇರವಾಗಿ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ. ರಸ್ತೆ ದಾಟುವಾಗ ಮುದುಕಿಯೊಬ್ಬಳ ಮೊಣಕೈ ಹಿಡಿದುಕೊಳ್ಳುವವನ ಎಚ್ಚರಿಕೆ ಇತ್ತು. ಆಮೇಲೆ ಪುಸ್ತಕ ತೆರೆದು, "ಮುಂದಿಂದು ಶಾಂತಪ್ಪ ಕಾಕಾಂದು," ಎಂದ.

ಆಮೇಲಿನ ವಚನಗಳು ಟೀಚರಿಗೆ ಕೇಳಿಸಿದವೋ ಇಲ್ಲವೋ. ತಮ್ಮ ಸರದಿ ಬಂದಾಗ ಸಪ್ನಾ ಮೆಲ್ಲಗೆ ಮೊಣಕೈ ಮುಟ್ಟುತ್ತಿದ್ದಳು, ಓದುತ್ತಿದ್ದರು. ಅಂಬುಬಾಯಿ ನಡುವೆ ಒಮ್ಮೆ ನೀರಿನ ಲೋಟವನ್ನು ಅವರ ಕಡೆ ಸರಿಸಿದರು. ಇಪ್ಪತ್ತೊಂಬತ್ತನೆಯದು ಬಂತು. ಪಶ್ಚಾತ್ತಾಪಪಡಲು ದೇವರು ಮನುಷ್ಯನಲ್ಲ ಎನ್ನುವ ವಚನ.

"ಟೀಚರ್," ಎಂದಳು ಸಪ್ನಾ, "ಪಟ್ಟ ಅಂತ ಹನ್ನೊಂದರಾಗ ನೀವೇ ಓದಿದ್ರಿ. ಈಗ ಪಡಾಂಗಿಲ್ಲ ಅಂತ ಓದಿದ್ರಿ. ಯಾವುದು ಖರೆ?"

"ಮೂವತ್ತೈದು ತನಕ ತಡಿ," ಎಂದರು ಶಾಂತಪ್ಪ, ಬೆರಳು ಮುಂದಿನ ಪುಟದ ಮೇಲಿಟ್ಟು. "ಅಲ್ಲಿ ಮತ್ತ ಪಟ್ಟ ಅಂತ ಐತಿ. ಯವ್ವಾ, ಅದೂ ಟೀಚರಿಗೇ ಬರ್ತೈತಿ ನೋಡ್ರಿ! ಮೂರಕ್ಕ ಮೂರೂ ಅವರಿಗೇ. ನಲವತ್ತು ವರ್ಷದಾಗ ನಾನು ಹಿಂಗ ಆಗಿದ್ದು ನೋಡಿಲ್ಲ."

ಸಾಯುವ ಶತ್ರುರಾಜನ ವಚನ ಶಾಂತಪ್ಪನವರಿಗೆ ಬಂತು. ಅವರೂ ಈ ಸಲ ದನಿ ಇಳಿಸಿ ಓದಿದರು. ಎಲ್ಲರೂ ತಂತಮ್ಮ ಮನೆಗೆ ಹೋದರು ಎನ್ನುವುದು ಅಂಬುಬಾಯಿಯವರ ಪಾಲಿನದು. "ನನಗ ಭಾಳ ಛಲೋ ವಚನ ಬಂತಲ್ರಿ. ಮನಿಗೆ ಹೋದ್ರು. ಅಷ್ಟೇ ಬೇಕಾಗಿತ್ತು," ಎಂದರು.

ಕೊನೆಯದನ್ನು ಟೀಚರು ಓದಿದರು. ಅವತ್ತಿನಿಂದ ಸಾಯುವ ತನಕ ಪ್ರವಾದಿ ಆ ಅರಸನ ಮುಖ ನೋಡಲು ಹೋಗಲಿಲ್ಲ, ಅವನಿಗಾಗಿ ಅಳುತ್ತಲೇ ಇದ್ದ, ದೇವರೂ ಪಶ್ಚಾತ್ತಾಪಪಟ್ಟ. ಓದಿ ಮುಗಿದರೂ ಅವರ ಬೆರಳು ಆ ಸಾಲಿನ ಮೇಲೆಯೇ ಇತ್ತು. ಹೋಗಲಿಲ್ಲ. ಅಳುತ್ತಿದ್ದ, ಆದರೆ ಹೋಗಲಿಲ್ಲ.

ಎಲ್ಲರೂ ಕಾಯುತ್ತಿದ್ದರು. ಹೊರಗೆ ಕೊತ್ತಂಬರಿ ಮಾರುವವನು ತೆಲುಗಿನಲ್ಲಿ ಕೂಗುತ್ತ ಹೋದ.

"ನನಗ ಗೊತ್ತಿಲ್ಲ," ಎಂದರು ಟೀಚರು.

"ಅಂದ್ರ?" ಎಂದರು ಶಾಂತಪ್ಪ.

"ಯಾವುದು ಖರೆ ಅಂತ ಗೊತ್ತಿಲ್ಲ. ಹನ್ನೊಂದರಾಗ ನಾನು ಹೇಳಿದ್ದೂ ನನ್ನದಲ್ಲ, ಎಲ್ಲೋ ಓದಿದ್ದು. ದೇವರು ಹೊಡೆದು, ಆಮ್ಯಾಲ ನೊಂದುಕೊಂಡು, ಹೋಗಿ ಕೇಳಲಿಲ್ಲ ಅಂದ್ರ..."

ಇದೂ ಒಂದು ಮಾತಾಯಿತೇ ಎಂದು ಶಾಂತಪ್ಪ ಕೇಳಲು ಬಾಯಿ ತೆರೆದದ್ದನ್ನು ಕಂಡು ಅಂಬುಬಾಯಿ, "ಗೊತ್ತಿಲ್ಲ ಅನ್ನೋದೂ ಮಾತೇ ಅಲ್ಲೇನ್ರಿ? ನಮ್ಮ ಆಚಾರ್‍ರು ಒಂದು ಸಲಾನೂ ಅಂದಿಲ್ಲ ನೋಡ್ರಿ ಅದನ್ನ," ಎಂದರು. ಗುರುಬಾಯಿ, "ದೇವರ ಚಿತ್ತ. ಚುರುಮುರಿ ಮೆತ್ತಗಾಗ್ತಾವ," ಎಂದು ಎದ್ದರು. ಪ್ರಾರ್ಥನೆಯನ್ನು ಶಾಂತಪ್ಪನವರೇ ಮಾಡಿದರು. ವಾರ್ಡಿನ ಹನ್ನೊಂದು ಕೂಸುಗಳನ್ನು ಸಂಖ್ಯೆ ಮರೆಯದೆ ನೆನೆದರು. ಸಪ್ನಾ ಕಣ್ಣು ತೆರೆದು ಒಮ್ಮೆ ಅವರನ್ನು ನೋಡಿ ಮತ್ತೆ ಮುಚ್ಚಿದಳು.

ಚುರುಮುರಿ, ಚಹಾ ಮುಗಿಯಿತು. ಎಂದಿನಂತೆ ಕಲ್ಲೇಶ ಟೀಚರ ಚೀಲ ಎತ್ತಿಕೊಂಡು ಸ್ಟೇಷನ್ನಿನ ತನಕ ಬಿಡಲು ಹೊರಟ.

ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಎಂದಿನಂತೆ ಅವನು ಅವರ ಎಡಕ್ಕೆ ನಡೆಯುತ್ತಿದ್ದ. ಸ್ಕೂಟರುಗಳು ತನಗೆ ತಾಗದಿರಲೆಂದು ಅವನು ರಸ್ತೆಯ ಬದಿಗೆ ಇರುತ್ತಾನೆ ಎಂದು ಟೀಚರು ಇಷ್ಟು ದಿನ ತಿಳಿದಿದ್ದರು. ಇವತ್ತು ನೋಡಿದರು. ಗಲ್ಲಿ ತಿರುಗಿದಾಗ ರಸ್ತೆ ಬಲಕ್ಕೆ ಬಂತು, ಎಡಕ್ಕೆ ಗಟಾರ. ಆದರೂ ಅವನು ಎಡ ಬಿಡಲಿಲ್ಲ. ಗಟಾರದ ಕಲ್ಲಿನ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು ಇಟ್ಟು ನಡೆಯುತ್ತ, ಬಲಗಿವಿಯನ್ನು ಅವರ ಕಡೆಗೆ ಇಟ್ಟುಕೊಂಡಿದ್ದ. ರೈಲಿನ ಗದ್ದಲ, ಮೊಣಕಾಲು ನೋವು, ಲಿಂಗಂಪಲ್ಲಿಯ ನೀರಿನ ಟ್ಯಾಂಕರು, ನಾಲ್ಕು ತಿಂಗಳಿಂದ ತಾನು ಆಡಿದ್ದನ್ನೆಲ್ಲ ಅವನು ಹೀಗೆ ಒಂದೂ ಬಿಡದೆ ಕೇಳಿಸಿಕೊಂಡಿದ್ದ.

"ಮುಂದಿನ ವಾರ ಸಣ್ಣ ಅಧ್ಯಾಯ ರಿ, ಟೀಚರ್," ಎಂದ. "ಕುರಿ ಕಾಯೋ ಹುಡುಗ ಬರ್ತಾನ. ಛಲೋ ಐತಿ."

"ಹೂಂ," ಎಂದರು.

ಸ್ಟೇಷನ್ನಿನ ಮುಂದೆ ಸೀಬೆಹಣ್ಣಿನ ತಳ್ಳುಗಾಡಿಯೊಂದು ಅಡ್ಡ ಬಂತು. ಕಲ್ಲೇಶ ಗಾಡಿಯ ಬಲಕ್ಕೆ ಹಾದು ಹೋದ. ಟೀಚರು ಹಿಂದೆ ಉಳಿದು, ಗಾಡಿಯ ಎಡಕ್ಕೆ ಸುತ್ತಿ ಬಂದು, ಅವನ ಎಡಬದಿಗೆ ಸೇರಿಕೊಂಡರು. ಸವೆದ ಪೆನ್ಸಿಲ್ ಆ ಕಿವಿಯ ಮೇಲಿತ್ತು. ಕಿವಿ ನೋಡಲು ಬೇರೆ ಎಲ್ಲರ ಕಿವಿಗಳಂತೆಯೇ ಇತ್ತು.

"ಅದು ಚೆಂಡಲ್ಲ, ಕಲ್ಲೇಶ," ಎಂದರು ಆ ಕಿವಿಗೆ. "ಅದು ನಾನು. ಮರುದಿನ ಬಂದು ನಿನ್ನನ್ನ ಕೇಳಬೇಕಾಗಿತ್ತು. ನಾನು ಬರಲಿಲ್ಲ."

ಕಲ್ಲೇಶ ಹಾಗೆಯೇ ಎರಡು ಹೆಜ್ಜೆ ನಡೆದ. ಹೇಳಿದ್ದಾಯಿತು, ಯಾರಿಗೂ ಕೇಳಿಸಿರಲಿಲ್ಲ. ಒಳಗೆ ಲಿಂಗಂಪಲ್ಲಿಯ ಕಡೆಗೆ ಹೋಗುವವರಿಗಾಗಿ ಮೊದಲು ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ ಕೂಗಿ ಹೇಳುತ್ತಿದ್ದರು. ಬಲಗಡೆ ಟೀಚರಿಲ್ಲವೆಂದು ಅವನಿಗೆ ಆಗ ಗೊತ್ತಾಯಿತು. ತಿರುಗಿ ಹುಡುಕಿ, ಎಡಕ್ಕೆ ಕಂಡು, ಅವರ ತುಟಿಗಳನ್ನು ನೋಡಿದ.

"ಏನೋ ಅಂದ್ರಿ ಏನ್ರಿ, ಟೀಚರ್?"

ಏನಿಲ್ಲ ಎನ್ನುವುದು ಸುಲಭವಿತ್ತು. ಗಾಡಿ ಬರುವ ಹೊತ್ತೂ ಆಗಿತ್ತು. ಟೀಚರು ಏನಿಲ್ಲ ಎನ್ನಲಿಲ್ಲ.

"ಆ ಕಡಿಂದ ಹೇಳಿದ್ರ ಕೇಳ್ಸಾಂಗಿಲ್ರಿ ನನಗ," ಎಂದ ಕಲ್ಲೇಶ. "ನಿಂದರ್ರಿ, ನೀವು ಬರಬ್ಯಾಡ್ರಿ."

ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. ಬರುವ ಹೋಗುವ ಜನರ ನಡುವೆ ಅವರನ್ನು ಸುತ್ತಿ ಬಂದು, ಅವರ ಎಡಕ್ಕೆ ನಿಂತು, ಬಲಗಿವಿ ಅವರ ಬಾಯಿಗೆ ಸಮನಾಗುವಷ್ಟು ತಲೆ ಬಗ್ಗಿಸಿದ.